ಉದ್ಯಮ್ ಪತ್ರವಿದ್ದ ಮಾತ್ರಕ್ಕೆ ಟೆಂಡರ್ ಆದ್ಯತೆ ಸಿಗುತ್ತದೆಯೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಬಿಡಿಭಾಗ ತಯಾರಿಕಾ ಘಟಕವಿದೆ. ಕೇಂದ್ರ ಸರ್ಕಾರಿ ಉದ್ದಿಮೆಯೊಂದರ ಟೆಂಡರಿನಲ್ಲಿ ದೊಡ್ಡ ಕಂಪನಿಯೊಂದು ಎಲ್‌1 (ಅತಿ ಕಡಿಮೆ ದರ ನಮೂದಿಸಿದವರು) ಆಗಿದ್ದು, ನಮ್ಮ ದರ ಅದಕ್ಕಿಂತ ಶೇ 9ರಷ್ಟು ಹೆಚ್ಚಿದೆ. ಸರಕು ಕೊಂಡು ಮಾರುವ ಸಂಸ್ಥೆಯೊಂದು ಉದ್ಯಮ್ ಪತ್ರ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ ಪತ್ರ) ತೋರಿಸಿ ತಾನೂ ಸಣ್ಣ ಉದ್ಯಮವೆಂದು ಪಾಲು ಕೇಳುತ್ತಿದೆ. ಜೊತೆಗೆ, ನಮ್ಮ ವಹಿವಾಟು 50 ಕೋಟಿ ರೂಪಾಯಿ ದಾಟಿರುವುದರಿಂದ ನಮಗೇ ಅರ್ಹತೆಯಿಲ್ಲ ಎಂದು ಆಕ್ಷೇಪಿಸಿದೆ. ಏನು ಮಾಡಬೇಕು?

ಉತ್ತರ: ವಹಿವಾಟಿನ ಆಕ್ಷೇಪಣೆಗೆ ನೀವು ಅಂಜಬೇಕಾಗಿಲ್ಲ. 50 ಕೋಟಿ ಎಂಬುದು ಹಳೆಯ ಮಿತಿ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ವಹಿವಾಟಿನ ಮಿತಿ 100 ಕೋಟಿ, ಯಂತ್ರೋಪಕರಣಗಳ ಮೇಲಿನ ಹೂಡಿಕೆಯ ಮಿತಿ 25 ಕೋಟಿ ರೂಪಾಯಿ. ಎರಡೂ ಮಿತಿಯೊಳಗಿರಬೇಕು, ಆದರೆ ರಫ್ತಿನ ಮೊತ್ತವನ್ನು ವಹಿವಾಟಿಗೆ ಸೇರಿಸುವುದಿಲ್ಲ.

ನಿಜವಾದ ತಕರಾರು ವರ್ತಕ ಸಂಸ್ಥೆಯದು. 2012ರ ಸಾರ್ವಜನಿಕ ಖರೀದಿ ನೀತಿಯ ಪ್ರಕಾರ, ಎಲ್‌1 ದರಕ್ಕಿಂತ ಶೇ 15ರೊಳಗೆ ಹೆಚ್ಚು ದರ ನಮೂದಿಸಿದ ಕಿರು ಮತ್ತು ಸಣ್ಣ ಉದ್ಯಮಗಳು ಎಲ್‌1 ದರಕ್ಕೆ ಇಳಿಯಲು ಒಪ್ಪಿದರೆ ಟೆಂಡರ್ ಮೌಲ್ಯದ ಶೇ 25ರವರೆಗೆ ಪೂರೈಸಬಹುದು. ಅಂಥವರು ಒಬ್ಬರಿಗಿಂತ ಹೆಚ್ಚಿದ್ದರೆ ಆ ಪಾಲು ಅವರಲ್ಲೇ ಹಂಚಿಹೋಗುತ್ತದೆ. ಅನರ್ಹರೊಬ್ಬರು ಒಳಬಂದರೆ ನಷ್ಟ ನೇರವಾಗಿ ನಿಮಗೇ ತಟ್ಟುವುದು ಹೀಗೆ. ಈ ಸೌಲಭ್ಯ ಇರುವುದು ಉದ್ಯಮವು ತಾನೇ ತಯಾರಿಸಿದ ಸರಕಿಗೆ ಮತ್ತು ತಾನೇ ಒದಗಿಸುವ ಸೇವೆಗೆ. 2021ರ ಜುಲೈಯಲ್ಲಿ ವರ್ತಕರಿಗೂ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟಾಗ, ಅದರ ಪ್ರಯೋಜನ ಆದ್ಯತಾ ವಲಯದ ಸಾಲಕ್ಕಷ್ಟೇ (ಬ್ಯಾಂಕುಗಳು ಕೆಲವು ವಲಯಗಳಿಗೆ ಕಡ್ಡಾಯವಾಗಿ ಮೀಸಲಿಡಬೇಕಾದ ಸಾಲ) ಸೀಮಿತವೆಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತ್ತು.

ಆದರೆ ಉದ್ಯಮ್ ನೋಂದಣಿ ಸ್ವಯಂ ಘೋಷಣೆಯ ಮೇಲೆ ನಿಂತಿದೆ. ವ್ಯಾಪಾರದ ಜೊತೆಗೆ ತಯಾರಿಕೆಯನ್ನೂ ನಮೂದಿಸಿದವರನ್ನು ಪತ್ರ ನೋಡಿದಷ್ಟಕ್ಕೇ ಗುರುತಿಸಲಾಗದು. ಆದ್ದರಿಂದ 'ಅವರು ವರ್ತಕರು' ಎಂದಷ್ಟೇ ದೂರದೆ, ಈ ಟೆಂಡರಿನ ಸರಕನ್ನು ಅವರೇ ತಯಾರಿಸುತ್ತಾರೆಂಬುದಕ್ಕೆ ಕಾರ್ಖಾನೆ ಪರವಾನಗಿ, ವಿದ್ಯುತ್ ಬಿಲ್ಲು, ಯಂತ್ರಗಳ ವಿವರ ಪಡೆದು ಪರಿಶೀಲಿಸಬೇಕೆಂದು ಖರೀದಿ ಅಧಿಕಾರಿಗೆ ಲಿಖಿತವಾಗಿ ಕೇಳಿ. ಕಾರ್ಯಾದೇಶ ಹೊರಡುವ ಮೊದಲೇ ಈ ಪತ್ರ ಕಡತ ಸೇರಬೇಕು. ನನ್ನ ಅಭಿಪ್ರಾಯದಲ್ಲಿ ಇಂಥ ಪ್ರಕರಣಗಳ ಗೆಲುವು ಸೋಲು ನಿರ್ಧಾರವಾಗುವುದು ಬಹುಪಾಲು ಇಲ್ಲಿಯೇ.

ಉತ್ತರ ಬಾರದಿದ್ದರೆ ಕೇಂದ್ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಸಚಿವಾಲಯದ ಚಾಂಪಿಯನ್ಸ್ ಪೋರ್ಟಲಿನಲ್ಲಿ ದೂರು ದಾಖಲಿಸಿ. ಕರ್ನಾಟಕದ ಕೆಟಿಪಿಪಿ (ಸಾರ್ವಜನಿಕ ಖರೀದಿಯಲ್ಲಿ ಪಾರದರ್ಶಕತೆ) ಕಾಯ್ದೆಯ 16ನೇ ಕಲಮಿನಡಿ 30 ದಿನಗಳೊಳಗೆ ಸಲ್ಲಿಸುವ ಮೇಲ್ಮನವಿ ರಾಜ್ಯದ ಟೆಂಡರುಗಳಿಗೆ ಸಂಬಂಧಿಸಿದ್ದು, ನಿಮಗೆ ಅನ್ವಯಿಸದು. ಕೊನೆಯ ದಾರಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ; ಅಲ್ಲಿ ದರಗಳ ಮರುಮೌಲ್ಯಮಾಪನ ನಡೆಯುವುದಿಲ್ಲ, ನಿಯಮ ಮೀರಿದ ಅಥವಾ ಮನಬಂದಂತೆ ಕೈಗೊಂಡ ನಿರ್ಧಾರವೇ ಎಂಬುದನ್ನು ಮಾತ್ರ ನ್ಯಾಯಾಲಯ ನೋಡುತ್ತದೆ.