ಅಚ್ಚಿಲ್ಲದ ಜೆಲ್ಲೂ ಹಿಮೋಗ್ಲೋಬಿನ್ ಹಿಡಿದರೆ: ಸಂಪಾದಕರ ಉತ್ತರ

ಅಣು-ಅಚ್ಚಿನ ಜೆಲ್‌ಗಳ (ಒಂದು ಪ್ರೋಟೀನಿನ ಸುತ್ತ ಜೆಲ್ ಕಟ್ಟಿ, ಆಮೇಲೆ ಅದನ್ನು ತೊಳೆದು ತೆಗೆದು, ಅದೇ ಆಕಾರದ ಗುಳಿಗಳನ್ನು ಉಳಿಸಿದ ಜೆಲ್‌ಗಳ) ಕುರಿತ ನಮ್ಮ ಲೇಖನ ಓದಿದ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ: "ಹಸುವಿನ ಹಿಮೋಗ್ಲೋಬಿನ್ ಅಚ್ಚು ಹಾಕಿ ಜೆಲ್ ಮಾಡಿದೆ. ಅಚ್ಚು ಹಾಕದ ಜೆಲ್ಲೂ ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತಿದೆ. ಹಾಗಾದರೆ ಅಚ್ಚು ಅನ್ನುವುದೆಲ್ಲ ಬರೀ ಮಾತೇ? ನೇರವಾಗಿ ರಕ್ತ ಹಾಕಿ ನೋಡಲೇ?"

ಬರೀ ಮಾತಲ್ಲ. ಆದರೆ ರಕ್ತ ಈಗಲೇ ಬೇಡ.

ನಿಮ್ಮ ಅಳತೆಗಳು ಸರಿಯಾಗಿವೆ: 1 ಮಿ.ಲೀ. ನೀರಿಗೆ 54 ಮಿ.ಗ್ರಾಂ ಅಕ್ರಿಲಮೈಡ್ (ಜೆಲ್ಲಿನ ಮೂಲವಸ್ತು), 6 ಮಿ.ಗ್ರಾಂ ಬಿಸ್‌ಅಕ್ರಿಲಮೈಡ್ (ಅದರ ಎಳೆಗಳನ್ನು ಬೆಸೆಯುವುದು), 12 ಮಿ.ಗ್ರಾಂ ಹಿಮೋಗ್ಲೋಬಿನ್. ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸಿದ್ದೀರಿ, ಜೆಲ್ ಗಟ್ಟಿಯಾಗಲು ಎಪಿಎಸ್ ಮತ್ತು ಟೆಮೆಡ್ ಹಾಕಿ ರಾತ್ರಿಯಿಡೀ ಬಿಟ್ಟಿದ್ದೀರಿ, 75 ಮೈಕ್ರಾನ್ ಜರಡಿಯಲ್ಲಿ ಒತ್ತಿ ಪುಡಿ ಮಾಡಿದ್ದೀರಿ. (ಅಕ್ರಿಲಮೈಡ್ ನರಗಳಿಗೆ ವಿಷ, ಕೈಗವಸು ಮರೆಯಬೇಡಿ.) ನಮ್ಮ ಅನುಮಾನವೆಲ್ಲ ತೊಳೆಯುವ ಹಂತದ ಮೇಲೆ.

ಶೇ 10 ಎಸ್‌ಡಿಎಸ್ (ಸಾಬೂನಿನಂಥ ಮಾರ್ಜಕ) ಮತ್ತು ಶೇ 10 ಅಸಿಟಿಕ್ ಆಮ್ಲದ ದ್ರಾವಣ ಹಿಮೋಗ್ಲೋಬಿನ್ನನ್ನು ಬಿಡಿಸುತ್ತದೆ, ನಿಜ. ಆದರೆ ಎಸ್‌ಡಿಎಸ್ ತಾನೇ ಜೆಲ್ಲಿನಲ್ಲಿ ಉಳಿದುಕೊಳ್ಳುತ್ತದೆ. ಮರಳಿ ಹಾಕಿದ ಪ್ರೋಟೀನಿನ ಆಕಾರ ಅದರಿಂದ ಕೆಟ್ಟು, ಅಚ್ಚಿರಲಿ ಬಿಡಲಿ, ಎಲ್ಲೆಂದರಲ್ಲಿ ಅಂಟುತ್ತದೆ. ಎರಡೂ ಜೆಲ್ ಒಂದೇ ಲೆಕ್ಕ ಕೊಡುವುದಕ್ಕೆ ಇದೇ ಸಾಕು. ನೀವು ಎರಡು ಸಲ ನೀರು ಹಾಯಿಸಿದ್ದು ಏನೇನೂ ಸಾಲದು. ಐದು ಸಲ ಹಾಯಿಸಿ, ಪ್ರತಿ ಸಲವೂ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ನೀರು ತೆಗೆಯಿರಿ. ಸಾಕಾಯಿತೇ ಎಂದು ತಿಳಿಯಲು ಆ ನೀರಿಗೆ ಕೆಲವು ಹನಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಬಿಡಿ. ಹಾಲಿನಂತೆ ಬೆಳ್ಳಗಾದರೆ ಎಸ್‌ಡಿಎಸ್ ಇನ್ನೂ ಇದೆ. ತಿಳಿಯಾಗಿಯೇ ಉಳಿದರೂ ಸ್ವಲ್ಪ ಇರಬಹುದು, ಹಾಗಾಗಿ ಅಚ್ಚಿಲ್ಲದ ಜೆಲ್ಲಿನ ನೀರನ್ನು ಕೊಳವೆಯಲ್ಲಿ ಕುಲುಕಿ. ಪ್ರೋಟೀನೂ ನೊರೆ ಕೊಡುತ್ತದೆ, ಆದರೆ ಆ ಜೆಲ್ ಪ್ರೋಟೀನನ್ನು ಕಂಡೇ ಇಲ್ಲ. ನೊರೆ ಎದ್ದರೆ ಅದು ಎಸ್‌ಡಿಎಸ್‌ನದೇ. ಪೊಟ್ಯಾಸಿಯಂ ಹೀಗೆ ಎಸ್‌ಡಿಎಸ್ ಅನ್ನು ಬೆಳ್ಳಗೆ ಗಟ್ಟಿಯಾಗಿಸುವುದರಿಂದ ಪಿಬಿಎಸ್ (ಫಾಸ್ಫೇಟ್ ಬಫರ್) ಬಳಸಬೇಡಿ, ಅದರಲ್ಲೂ ಪೊಟ್ಯಾಸಿಯಂ ಇದೆ. ಟ್ರಿಸ್ ಬಫರ್ ಆದೀತು. ಅಚ್ಚಿಲ್ಲದ ಜೆಲ್ಲನ್ನೂ ಅದೇ ಆಮ್ಲ, ಅದೇ ಎಸ್‌ಡಿಎಸ್, ಅಷ್ಟೇ ಸಲ ತೊಳೆದಿರಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ಜೆಲ್ ಕಂದಾಗಿ ಉಳಿದಿದೆ ಎಂದೂ ಬರೆದಿದ್ದೀರಿ. ಆಮ್ಲಕ್ಕೆ ಹೀಮ್ (ಹಿಮೋಗ್ಲೋಬಿನ್ನಿಗೆ ಬಣ್ಣ ಕೊಡುವ ಭಾಗ) ಕಳಚಿ ಬರುತ್ತದೆ, ಗ್ಲೋಬಿನ್ (ಅದರ ಪ್ರೋಟೀನ್ ಭಾಗ) ಹೋದರೂ ಅದರ ಬಣ್ಣ ನಿಲ್ಲಬಹುದು. ಹಾಗಾಗಿ ಎಷ್ಟು ಬಿಟ್ಟಿತು ಎಂದು ಅಳೆಯಲು ಹೀಮ್ ಬೆಳಕು ಹೀರುವ 406 ನ್ಯಾನೋಮೀಟರ್ ಅಳತೆಯೊಂದನ್ನೇ ನಂಬಬೇಡಿ, ಪ್ರೋಟೀನ್ ಅಳೆಯುವ ಬಿಸಿಎ ವಿಧಾನದಲ್ಲೂ ನೋಡಿ. ಅಂಥದೇ ಬ್ರಾಡ್‌ಫರ್ಡ್ ವಿಧಾನ ಬೇಡ, ಎಸ್‌ಡಿಎಸ್ ಅದನ್ನು ಕೆಡಿಸುತ್ತದೆ.

ಇಷ್ಟಾದ ಮೇಲೆ ಅಲ್ಬುಮಿನ್ (ರಕ್ತದ ಇನ್ನೊಂದು ಪ್ರೋಟೀನ್) ಪರೀಕ್ಷೆ. ಅದರ ಅಣುಭಾರ ಹಿಮೋಗ್ಲೋಬಿನ್ನಿಗೆ ಹತ್ತಿರ, ವಿದ್ಯುದಂಶದ ಗುಣ ಬೇರೆ. ಅದನ್ನೂ ನಿಮ್ಮ ಜೆಲ್ ಅಷ್ಟೇ ಹಿಡಿದರೆ ಅಚ್ಚು ಬಿದ್ದಿಲ್ಲ.

ಇನ್ನು ರಕ್ತ. ಮಿ.ಲೀ. ಜೆಲ್ಲಿಗೆ ನೀವು ಹಾಕಿದ್ದು 12 ಮಿ.ಗ್ರಾಂ, ಮಿ.ಲೀ. ರಕ್ತದಲ್ಲಿ ಇರುವುದು ಸುಮಾರು 120ರಿಂದ 160 ಮಿ.ಗ್ರಾಂ. ಕೆಂಪು ರಕ್ತಕಣಗಳು ಒಡೆದರೆ ಜೆಲ್ ಅಲ್ಲೇ ತುಂಬಿಹೋಗುತ್ತದೆ. ಪ್ಲಾಸ್ಮಾ (ಕಣ ತೆಗೆದ ರಕ್ತದ ದ್ರವ) ಬಳಸಿ, ಹತ್ತು ಪಟ್ಟು ತೆಳುವಾಗಿಸಿ. ಅದಕ್ಕೆ ತೀರಾ ಕಡಿಮೆ ಹಿಮೋಗ್ಲೋಬಿನ್ ಸೇರಿಸಿದರೆ ಪ್ಲಾಸ್ಮಾದಲ್ಲಿರುವ ಹ್ಯಾಪ್ಟೊಗ್ಲೋಬಿನ್ ಎಂಬ ಪ್ರೋಟೀನ್ ಮೊದಲು ಅದನ್ನು ಕಟ್ಟಿಕೊಳ್ಳುತ್ತದೆ. ಆ ಜೋಡಿ ಅಚ್ಚಿನೊಳಗೆ ಕೂರುವುದಿಲ್ಲ. ರಕ್ತ ತೆಗೆಸುವಾಗ ನೇರಳೆ ಮುಚ್ಚಳದ ಕೊಳವೆ ಬೇಡ: ಅದರಲ್ಲಿ ರಕ್ತ ಹೆಪ್ಪುಗಟ್ಟದಂತೆ ಹಾಕುವ ಇಡಿಟಿಎ ಸಾಮಾನ್ಯವಾಗಿ ಪೊಟ್ಯಾಸಿಯಂ ಲವಣವೇ. ಸೋಡಿಯಂ ಸಿಟ್ರೇಟ್ ಇರುವ ತಿಳಿನೀಲಿ ಮುಚ್ಚಳದ್ದನ್ನು ಕೇಳಿ. ಪ್ಲಾಸ್ಮಾ ಸ್ವಲ್ಪ ಕೆಂಪಾಗಿ ಕಂಡರೂ ಕಣಗಳು ಒಡೆದಿವೆ ಎಂದರ್ಥ, ಆ ಮಾದರಿ ಬಿಟ್ಟುಬಿಡಿ.