ರಜೆಗೆ ಬಂದ ಮಗ, ಬೀಗ ಹಾಕಿದ ಏಣಿ

ಹೆತ್ತವರ ಜೊತೆ ಜಗಳ ಅಂತ ನನ್ನ ಹತ್ತಿರ ಸಲಹೆ ಕೇಳೋಕೆ ಬಂದ ಒಬ್ಬನ ಕಥೆ ಇದು. ಗುರುತು ಸಿಗಬಾರದು ಅಂತ ಊರು, ವಯಸ್ಸು, ಕೆಲಸ ಸ್ವಲ್ಪ ಬದಲಿಸಿದ್ದೇನೆ. ಬರೆಯಿರಿ ಅಂತ ಆತನೇ ಒಪ್ಪಿದ್ದಾನೆ.

ಡಿಸೆಂಬರ್ ಕೊನೆಯ ವಾರ. ಮಡಿಕೇರಿ ತುಂಬ ಪ್ರವಾಸಿಗರ ಕಾರು, ಅದರ ಮಧ್ಯೆ ಸಿಕ್ಕಿಕೊಂಡು ಅರ್ಧ ಗಂಟೆ ತಡವಾಗಿ ಬಂದ. 33 ವರ್ಷ, ಬೆಂಗಳೂರಲ್ಲಿ ಕೆಲಸ, ಸುಂಟಿಕೊಪ್ಪ ಕಡೆ ಸಣ್ಣ ಕಾಫಿ ತೋಟ. ಕೂತವನೇ ಹೇಳಿದ: "ಮೇಡಂ, ಈಗೀಗ ಅಪ್ಪ ಅವ್ವ ಅಂದ್ರೆ ಪ್ರಾಣ. ಆದ್ರೆ ಮನೆಗೆ ಬಂದ ಎರಡನೇ ದಿನಕ್ಕೇ ಜಗಳ."

ಕಾಲೇಜು ಕಾಲದಲ್ಲಿ ರಜೆ ಅಂದರೆ ಮೊಬೈಲ್ ಹಿಡಿದು ಮಲಗೋದು, ಬಡಿಸಿದ್ದನ್ನು ತಿನ್ನೋದು, ಅಷ್ಟೆ. ಎರಡು ವರ್ಷದ ಹಿಂದೆ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯಲು ಬಗ್ಗಿದ ಅಪ್ಪ, ಮೇಲೆ ಏಳೋಕೆ ಇವನ ಹೆಗಲು ಹಿಡಿದುಕೊಂಡರು. ಸುತ್ತ ಎಲ್ಲರೂ "ಪೊಲಿ ಪೊಲಿ ದೇವಾ" ಅಂತ ಕೂಗುತ್ತಿದ್ದರೆ ಇವನಿಗೆ ಬಾಯೇ ಬರಲಿಲ್ಲವಂತೆ.

ಅಲ್ಲಿಂದ ಶುರು. ಪ್ರತಿ ಸಲ ಬರುವಾಗಲೂ ಏನಾದರೂ ಹೊಸ ಸಾಮಾನು. ಅವ್ವ ಕಡುಬು ಬೇಯಿಸುತ್ತಿದ್ದ ಹಳೆ ಪಾತ್ರೆಯನ್ನು ಗುಜರಿಗೆ ಕೊಟ್ಟ. ಹೋದ ವರ್ಷವಂತೂ, ಅಪ್ಪ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯಲು ಮೇಲೆ ಹತ್ತಬಾರದು ಅಂತ ಏಣಿಯನ್ನು ಗೋದಾಮಿಗೆ ಹಾಕಿ, ಬೀಗ ಜಡಿದು, ಕೀಲಿಯನ್ನು ಬೆಂಗಳೂರಿಗೇ ತೆಗೆದುಕೊಂಡು ಹೋದ! ಅಪ್ಪ ಪಕ್ಕದ ತೋಟದ ಏಣಿ ತಂದು ಹತ್ತಿದರು. ಅವ್ವ ಮಾತ್ರ ಬಾಯಿಬಿಟ್ಟರು: "ನಾಲ್ಕು ದಿನಕ್ಕೆ ಬರ್ತೀಯ, ಇನ್‌ಸ್ಪೆಕ್ಟರ್ ಥರ ಬೈದು ಹೋಗ್ತೀಯ."

ನನಗೆ ನಗು ಬಂತು, ತಡೆದುಕೊಂಡೆ. ಇವನಿಗೆ ಪ್ರೀತಿ ಕಡಿಮೆ ಇಲ್ಲ, ಭಯ ಜಾಸ್ತಿ. ಹೆತ್ತವರ ಬೆಲೆ ಗೊತ್ತಾಗಿದ್ದು ಅವರಿಗೆ ವಯಸ್ಸಾದ ಮೇಲೆ, ಹಾಗಾಗಿ ಹತ್ತು ವರ್ಷದ ಬಾಕಿಯನ್ನು ಹತ್ತೇ ದಿನದ ರಜೆಯಲ್ಲಿ ತೀರಿಸಲು ಹೊರಟಿದ್ದಾನೆ. ಅವರ ಕಿವಿಗೆ ಬೀಳೋದು ಒಂದೇ, "ನಿಮ್ಮ ಕೈಲಾಗಲ್ಲ" ಅಂತ.

ನೇರವಾಗಿಯೇ ಹೇಳಿದೆ. ಈ ರಜೆಯಲ್ಲಿ ಏನನ್ನೂ ತರಬೇಡಿ, ಏನನ್ನೂ ಬಿಸಾಡಬೇಡಿ. ಏಣಿ ನಿಜಕ್ಕೂ ಅಪಾಯವೇ, ಅದರ ಬಗ್ಗೆ ಒಂದು ಸಲ ಮಾತಾಡಿ, ಅದೂ "ನಂಗೆ ಭಯ ಆಗುತ್ತೆ ಅಪ್ಪ" ಅಂತ. ಉಳಿದ ಹೊತ್ತು ಅವರ ಕೆಲಸಕ್ಕೆ ಕೈ ಹಾಕಿ. ಹೇಗೂ ಅರೇಬಿಕಾ ಕೊಯ್ಲು, ಕಣದಲ್ಲಿ ಕಾಫಿ ಹರಡಿರುತ್ತೆ. ಬೆಳಿಗ್ಗೆ ಕೆದಕಿ, ಸಂಜೆ ಮಂಜು ಬೀಳೋ ಮೊದಲು ಟಾರ್ಪಾಲ್ ಹೊದಿಸಿ, ಒಣಗಿದೆಯಾ ಅಂತ ಅಪ್ಪನನ್ನು ಕೇಳಿ.

ಕೆಲಸ ಬಿಟ್ಟು ಊರಿಗೇ ಬಂದುಬಿಡಲಾ ಅಂದ. ರಜೆಯ ವಾರದಲ್ಲಿ ಇಂಥ ತೀರ್ಮಾನ ಬೇಡ ಅಂದೆ. ಅದರ ಬದಲು ವರ್ಷಕ್ಕೊಮ್ಮೆ ಹತ್ತು ದಿನ ಇರೋದನ್ನು ಬಿಟ್ಟು, ಎರಡು ತಿಂಗಳಿಗೊಮ್ಮೆ ಎರಡು ದಿನ ಬನ್ನಿ. ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ಹುತ್ತರಿ ಮುಹೂರ್ತ ಗೊತ್ತಾದ ದಿನವೇ ಆಫೀಸಿಗೆ ರಜೆ ಬರೆದು ಕೊಡಿ, ಆಮೇಲೆ ನೋಡೋಣ ಅಂದರೆ ಯಾವತ್ತೂ ಸಿಗಲ್ಲ.

ಫೆಬ್ರವರಿಯಲ್ಲಿ ಫೋನ್ ಮಾಡಿದ್ದ. ಅಪ್ಪ ಒಂದು ಹಿಡಿ ಕಾಫಿ ಇವನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರಂತೆ. "ಗಲಗಲ ಅಂತಾ? ಇಲ್ವಲ್ಲ, ಇನ್ನೂ ಎರಡು ಬಿಸಿಲು ಬೇಕು" ಅಂದರಂತೆ. ಇಷ್ಟು ವರ್ಷ ಅದೇ ಕಣದ ಪಕ್ಕ ಬೆಳೆದರೂ ಇವನಿಗೆ ಅದು ಗೊತ್ತಿರಲಿಲ್ಲ. ನಾಲ್ಕು ದಿನ ಜಗಳ ಆಗದೇ ಇದ್ದದ್ದು ನೋಡಿ ಅವ್ವ "ಹುಷಾರಿಲ್ವಾ ಮಗ?" ಅಂತ ಹಣೆ ಮುಟ್ಟಿ ನೋಡಿದರಂತೆ.

ಏಣಿ ವಿಷಯ ಅರ್ಧ ಬಗೆಹರಿದಿದೆ. ಎತ್ತರದ ಸಿಲ್ವರ್ ಓಕ್ ಮರಗಳಿಗೆ ಆಳು ಕರೆಸುತ್ತಾರೆ. ಮನೆ ಪಕ್ಕದ ಹಲಸಿನ ಮರಕ್ಕೆ ಅಪ್ಪನೇ ಹತ್ತೋದು, ಇವನು ಕೆಳಗೆ ಏಣಿ ಹಿಡಿದು ನಿಲ್ಲೋದು.