ಜಪಾನಿನ ಹಳ್ಳಿ ನೋಡಬೇಕು ಅನ್ನುವ ನಿಮ್ಮ ಅಮ್ಮನನ್ನು ತೋನೊಗೆ ಕರೆದುಕೊಂಡು ಹೋಗಿ

ನೀವು ಕೇಳಿದ್ದು ಇಷ್ಟು: ಟೋಕಿಯೊದಲ್ಲಿ ಕೆಲಸ, ಅಕ್ಟೋಬರಿನಲ್ಲಿ ಅಪ್ಪ ಅಮ್ಮ ಊರಿಂದ ಬರ್ತಿದ್ದಾರೆ. ಅಮ್ಮನಿಗೆ 64 ವರ್ಷ, ಜೀವನವೆಲ್ಲ ಹೊಲದಲ್ಲಿ ದುಡಿದವರು. "ದೊಡ್ಡ ಬಿಲ್ಡಿಂಗು, ಗುಡಿ ಎಲ್ಲ ಆಮೇಲೆ, ಮೊದಲು ಇಲ್ಲಿನ ರೈತರು ಹೇಗೆ ಬೇಸಾಯ ಮಾಡ್ತಾರೆ ತೋರಿಸು" ಅಂದಿದ್ದಾರೆ. ಮೂರು ದಿನ ಬಿಡುವಿದೆ, ಊಟ ಸಸ್ಯಾಹಾರ, ಎಲ್ಲಿಗೆ ಕರೆದುಕೊಂಡು ಹೋಗಲಿ?

ತೋನೊಗೆ ಹೋಗಿ. ಇದೇ ಪ್ರಶ್ನೆ ನನ್ನ ಮುಂದೆಯೂ ಇತ್ತು. ನನ್ನ ಅಮ್ಮ ಶಿಡ್ಲಘಟ್ಟದ ಕಡೆಯವರು, ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದವರು. ಅವರನ್ನು ತೋನೊಗೆ ಕರೆದುಕೊಂಡು ಹೋದೆ. ಜಪಾನಿನಲ್ಲಿ ಅವರು ನೋಡಿದ ಊರುಗಳಲ್ಲಿ ಇವತ್ತಿಗೂ ಹೆಸರು ಹಿಡಿದು ಕೇಳೋದು ಅದೊಂದನ್ನೇ.

ತೋನೊ ಇರೋದು ಉತ್ತರದ ಇವಾತೆ ಪ್ರಾಂತ್ಯದಲ್ಲಿ. ಸುತ್ತ ಬೆಟ್ಟ, ನಡುವೆ ತಟ್ಟೆಯಂಥ ಬಯಲು, ಬಯಲು ತುಂಬ ಗದ್ದೆ. ಜನಸಂಖ್ಯೆ 25 ಸಾವಿರದ ಆಸುಪಾಸು. ಟೋಕಿಯೊದಿಂದ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಶಿನ್-ಹಾನಾಮಾಕಿಗೆ ಹೆಚ್ಚುಕಡಿಮೆ ಮೂರು ಗಂಟೆ. ಅಲ್ಲಿಂದ ಕಮಾಯಿಶಿ ಲೈನ್ ಎನ್ನುವ ಸಣ್ಣ ರೈಲಿನಲ್ಲಿ ಇನ್ನೊಂದು ಗಂಟೆ. ಈ ರೈಲುಗಳು ತುಂಬಾ ಕಡಿಮೆ, ಒಂದು ತಪ್ಪಿದರೆ ಬಹಳ ಹೊತ್ತು ಕಾಯಬೇಕು. ಹಾಗಾಗಿ ಮೊದಲು ಈ ರೈಲಿನ ಟೈಮ್ ನೋಡಿ, ಅದಕ್ಕೆ ಹೊಂದುವ ಹಾಗೆ ಶಿಂಕಾನ್ಸೆನ್ ಬುಕ್ ಮಾಡಿ.

ಜಪಾನಿಯರಿಗೆ ತೋನೊ ಗೊತ್ತಿರೋದು ಕಥೆಗಳಿಂದ. ಯಾನಗಿತಾ ಕುನಿಯೊ ಎಂಬ ವಿದ್ವಾಂಸರು ಈ ಊರಿನ ಸಾಸಾಕಿ ಕಿಝೆನ್ ಅವರ ಬಾಯಿಂದ ಕೇಳಿ ಬರೆದುಕೊಂಡ 119 ಕಥೆಗಳು 1910ರಲ್ಲಿ ಪುಸ್ತಕವಾಗಿ ಬಂದವು. ಜಪಾನಿನ ಜಾನಪದ ಅಧ್ಯಯನ ಶುರುವಾಗೋದೇ ಅಲ್ಲಿಂದ ಅಂತಾರೆ. ಹೊಳೆಯಲ್ಲಿರುವ ಕಪ್ಪಾ ಎಂಬ ಜಲಪ್ರಾಣಿಯ ಕಥೆ ಎಲ್ಲಕ್ಕಿಂತ ಪ್ರಸಿದ್ಧ. ಜೋಕೆಂಜಿ ದೇವಸ್ಥಾನದ ಹಿಂದೆ ಕಪ್ಪಾಬುಚಿ ಅಂತ ಮರದ ನೆರಳಿನ ಸಣ್ಣ ಮಡುವಿದೆ. ಕಪ್ಪಾಗೆ ಆಸೆ ತೋರಿಸೋಕೆ ಕೋಲಿಗೆ ಸೌತೆಕಾಯಿ ಕಟ್ಟಿ ನೀರಿಗೆ ಬಿಟ್ಟಿರುತ್ತಾರೆ. ನೋಡಿ ಬನ್ನಿ, ಹತ್ತು ನಿಮಿಷ ಸಾಕು. ನಿಮ್ಮ ಅಮ್ಮ ನೋಡಬೇಕಾದ್ದು ಬೇರೆ ಇದೆ.

ಮೊದಲನೆಯದು ಮಾಗಾರಿಯಾ ಮನೆಗಳು. ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ತಿರುಗಿದ ಹುಲ್ಲಿನ ಮನೆ, ಒಂದು ಕೈಯಲ್ಲಿ ಜನ, ಇನ್ನೊಂದು ಕೈಯಲ್ಲಿ ಕುದುರೆ. ಸಮುದ್ರ ತೀರದ ಊರುಗಳಿಗೂ ಒಳನಾಡಿಗೂ ನಡುವೆ ತೋನೊ ಒಂದು ತಂಗುದಾಣ, ಸರಕೆಲ್ಲ ಕುದುರೆ ಬೆನ್ನ ಮೇಲೆ ಬರುತ್ತಿತ್ತು. ಹೊಲಕ್ಕೂ ಕುದುರೆ ಬೇಕು. ಚಳಿಗಾಲದಲ್ಲಿ ಇಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೂ ಇಳಿಯುತ್ತೆ, ಕುದುರೆಯನ್ನು ಹೊರಗೆ ಕಟ್ಟೋ ಹಾಗಿಲ್ಲ. ಒಲೆಯ ಬಿಸಿ ಕೊಟ್ಟಿಗೆಗೂ ಹೋಗಬೇಕು, ರಾತ್ರಿ ಎದ್ದರೆ ಕುದುರೆ ಕಣ್ಣಿಗೆ ಬೀಳಬೇಕು, ಹಾಗೆ ಕಟ್ಟಿದ್ದಾರೆ. ನಮ್ಮ ಅಮ್ಮನಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. ನಮ್ಮ ಅಜ್ಜನ ಮನೆಯಲ್ಲೂ ನಡುಮನೆಯ ಪಕ್ಕಕ್ಕೇ ದನ ಕಟ್ಟುತ್ತಿದ್ದರು. ಇಂಥ ಹಳೇ ಮನೆಗಳನ್ನು ಒಟ್ಟಿಗೆ ಉಳಿಸಿಕೊಂಡಿರುವ ಜಾಗ ಫುರುಸಾತೊ-ಮುರಾ.

ಎರಡನೆಯದು, ನನ್ನ ಪಾಲಿಗೆ ತೋನೊದ ಹೃದಯ, ದೆನ್ಶೋಯೆನ್ ಎಂಬ, ಹಳೇ ಹಳ್ಳಿ ಬದುಕನ್ನು ಉಳಿಸಿ ತೋರಿಸುವ ಜಾಗ. ಸ್ಟೇಷನ್ನಿನಿಂದ ಐದು ಕಿಲೋಮೀಟರ್ ಇರಬಹುದು. ಅದರ ಒಳಗೆ ಒಂದು ಪುಟ್ಟ ಕೋಣೆ. ಗೋಡೆ ಉದ್ದಕ್ಕೂ ಸಾವಿರ ಓಶಿರಾಸಾಮಾ ನಿಂತಿವೆ. ಇವು ಮನೆದೇವರು. ಗೇಣುದ್ದದ ಹಿಪ್ಪುನೇರಳೆ ಕಡ್ಡಿ, ಒಂದರ ತುದಿಯಲ್ಲಿ ಹುಡುಗಿಯ ಮುಖ, ಇನ್ನೊಂದರಲ್ಲಿ ಕುದುರೆಯ ಮುಖ. ಮೈಗೆ ಪದರ ಪದರವಾಗಿ ಬಣ್ಣದ ಬಟ್ಟೆ. ಕಥೆ ಹೀಗಿದೆ: ರೈತನ ಮಗಳು ಮನೆಯ ಕುದುರೆಯನ್ನೇ ಪ್ರೀತಿಸಿ ಅದರ ಹೆಂಡತಿಯಾಗುತ್ತಾಳೆ. ಸಿಟ್ಟಿಗೆದ್ದ ಅಪ್ಪ ಕುದುರೆಯನ್ನು ಹಿಪ್ಪುನೇರಳೆ ಮರಕ್ಕೆ ನೇತುಹಾಕಿ ಕೊಲ್ಲುತ್ತಾನೆ. ಮಗಳು ಅದರ ಕೊರಳಿಗೆ ಬಿದ್ದು ಅಳುವಾಗ ಅಪ್ಪ ಕುದುರೆಯ ತಲೆ ಕಡಿಯುತ್ತಾನೆ, ಆ ತಲೆಯ ಜೊತೆಗೇ ಅವಳು ಆಕಾಶಕ್ಕೆ ಹಾರಿಹೋಗುತ್ತಾಳೆ. ಕಥೆಯನ್ನು ಮುಂದುವರಿಸುವವರು ಹೇಳೋದು, ಅವಳು ಕನಸಿನಲ್ಲಿ ಬಂದು "ಒರಳಲ್ಲಿ ಹುಳ ಇವೆ, ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕಿ" ಅಂದಳಂತೆ. ರೇಷ್ಮೆ ಬಂದದ್ದು ಹಾಗೆ.

ನಾನು ಕಥೆಯನ್ನು ಕನ್ನಡದಲ್ಲಿ ಹೇಳಿ ಮುಗಿಸುವಾಗ ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಲ್ಲಿ ಬಟ್ಟೆಯ ಮೇಲೆ ಹರಕೆ ಬರೆದು ದೇವರಿಗೆ ಉಡಿಸಬಹುದು. "ಬೆಳೆ ಚೆನ್ನಾಗಿ ಆಗ್ಲಿ ತಾಯಿ" ಅಂತ ಕನ್ನಡದಲ್ಲೇ ಬರೆದು ಉಡಿಸಿದರು. ನಮ್ಮ ರೇಷ್ಮೆಗೂ ಜಪಾನಿಗೂ ಹಳೇ ನಂಟು ಅನ್ನೋದು ನಿಮಗೂ ಗೊತ್ತಿರಬಹುದು. ಜೆಮ್‌ಶೆಟ್‌ಜಿ ಟಾಟಾ ಜಪಾನಿ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ನಡೆಸಿದರು, ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರಂ ಅನ್ನೋ ಹೆಸರು ಈಗಲೂ ಇದೆ. 1991ರಿಂದ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ ಸಹಾಯದಲ್ಲಿ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆಯ) ರೇಷ್ಮೆ ಹುಳದ ಕೆಲಸ ನಡೆದದ್ದೂ ನಮ್ಮ ರಾಜ್ಯದಲ್ಲೇ.

ಉಳಿದುಕೊಳ್ಳೋಕೆ ಹೋಟೆಲ್ ಬೇಡ, ರೈತರ ಮನೆ ಹಿಡಿಯಿರಿ. ಸ್ಟೇಷನ್ ಎದುರಿನ ಪ್ರವಾಸಿ ಮಾಹಿತಿ ಕೇಂದ್ರದವರನ್ನು ಮುಂಚೆಯೇ, ಸಾಧ್ಯವಾದರೆ ಒಂದು ತಿಂಗಳ ಮೊದಲು ಕೇಳಿ. ನಾವು ಉಳಿದ ಮನೆಯಲ್ಲಿ ಎಂಬತ್ತರ ಹತ್ತಿರದ ಅಜ್ಜಿ, ಅವರ ಗಂಡ, ಇಬ್ಬರೇ. ಮಕ್ಕಳು ಸೆಂಡಾಯಿಯಲ್ಲಿ. ರಾತ್ರಿ ಊಟ ಆದಮೇಲೆ, ಅಮ್ಮ ಹುಳ ಸಾಕುತ್ತಿದ್ದರು ಅಂತ ನಾನು ಹೇಳಿದ್ದೇ ತಡ, ಅಜ್ಜಿ ತೋರುಬೆರಳನ್ನು ಎತ್ತಿ, ತುದಿಯನ್ನು ಮೆಲ್ಲಗೆ ಅತ್ತ ಇತ್ತ ಆಡಿಸಿದರು. ಗೂಡು ಕಟ್ಟೋ ಮುಂಚೆ ಹುಳ ತಲೆ ಎತ್ತಿ ಜಾಗ ಹುಡುಕುತ್ತಲ್ಲ, ಅದು. ಅಮ್ಮ "ಹುಳ ಹಣ್ಣಾಯ್ತು!" ಅಂತ ಕೂಗಿ ತಮ್ಮ ಬೆರಳನ್ನೂ ಹಾಗೇ ಆಡಿಸಿದರು. ಆಮೇಲೆ ನನಗೆ ಕೆಲಸವೇ ಇರಲಿಲ್ಲ. ಅಜ್ಜಿ ಜಪಾನಿಯಲ್ಲಿ, ಅಮ್ಮ ಕನ್ನಡದಲ್ಲಿ, ನಾಲ್ಕನೇ ಜ್ವರ (ಪೊರೆ ಬಿಡೋ ಹಂತ) ಎದ್ದಮೇಲೆ ಹುಳ ಸೊಪ್ಪು ತಿನ್ನೋ ಸದ್ದು ಮಳೆ ಬಂದ ಹಾಗೆ ಕೇಳುತ್ತೆ ಅನ್ನೋವರೆಗೂ ಮಾತಾಡಿದರು. ಅಜ್ಜಿ ಚಾಪೆಯ ಮೇಲೆ ಬೆರಳಿಂದ ಮಳೆ ಬಾರಿಸಿ ತೋರಿಸಿದ್ದರಿಂದ ಅದು ನನಗೂ ಅರ್ಥವಾಯಿತು. ಆ ಮನೆಯಲ್ಲಿ ಹುಳ ಸಾಕೋದು ನಿಂತು ಎಷ್ಟೋ ಕಾಲವಾಗಿದೆ. ಬೆರಳು ಮಾತ್ರ ಮರೆತಿಲ್ಲ.

ಊಟದ ಬಗ್ಗೆ ಕೇಳಿದ್ದೀರಿ, ಸಸ್ಯಾಹಾರ ಅಂತ. ಇದನ್ನು ಬುಕಿಂಗ್ ಮಾಡುವಾಗಲೇ ಬರವಣಿಗೆಯಲ್ಲಿ ತಿಳಿಸಿ. "ನಿಕು ಮೊ ಸಕಾನಾ ಮೊ ಕಾತ್ಸುಓ ದಾಶಿ ಮೊ ತಾಬೆಮಾಸೆನ್", ಮಾಂಸ, ಮೀನು, ಮೀನಿನ ಸಾರ ಯಾವುದೂ ತಿನ್ನಲ್ಲ ಅಂತ ಅರ್ಥ. ಬರೀ "ವೆಜಿಟೇರಿಯನ್" ಅಂದರೆ ಮೀನಿನ ಸಾರ ಬಂದೇ ಬರುತ್ತೆ, ಅದನ್ನು ಅವರು ಮೀನು ಅಂತ ಲೆಕ್ಕ ಹಿಡಿಯಲ್ಲ. ಮುಂಚೆ ಹೇಳಿದರೆ ಕೊಂಬು ಎಂಬ ಕಡಲ ಪಾಚಿಯಲ್ಲೇ ಮಿಸೊ ಸಾರು ಮಾಡಿ, ಹೊಸ ಅಕ್ಕಿಯ ಅನ್ನ, ಅಣಬೆ, ತೋಫು, ಉಪ್ಪಿನಲ್ಲಿ ಹಾಕಿದ ಮೂಲಂಗಿ ಬಡಿಸುತ್ತಾರೆ. ಉಪ್ಪಿನಕಾಯಿ ಪುಡಿ, ಚಟ್ನಿಪುಡಿ ನೀವೂ ಒಯ್ಯಿರಿ. ಅಜ್ಜಿಗೂ ಒಂದು ಚಮಚ ಕೊಡಿ, ಖುಷಿಪಡುತ್ತಾರೆ.

ಅಕ್ಟೋಬರ್ ಒಳ್ಳೇ ಕಾಲ, ಆದರೆ ತಿಂಗಳ ಮೊದಲ ಭಾಗದಲ್ಲೇ ಹೋಗಿ, ಕೊಯ್ಲು ನಡೀತಿರುತ್ತೆ. ಹೆಚ್ಚಿನವರದು ಯಂತ್ರದ ಕೊಯ್ಲು. ಕೆಲವರು ಈಗಲೂ ಭತ್ತದ ಕಂತೆಗಳನ್ನು ಕಂಬಕ್ಕೆ ಏರಿಸಿ ಬಿಸಿಲಲ್ಲಿ ಒಣಗಿಸುತ್ತಾರೆ. ಹಾಪ್ಸ್ ಬಳ್ಳಿ ಮಾತ್ರ ಸಿಗಲ್ಲ. 1963ರಿಂದ ಇಲ್ಲಿ ಬಿಯರಿಗೆ ಬೇಕಾದ ಹಾಪ್ಸ್ ಬೆಳೆಯುತ್ತಾರೆ, ಕೊಯ್ಲು ಅಷ್ಟರಲ್ಲಿ ಮುಗಿದಿರುತ್ತೆ, ಐದು ಮೀಟರ್ ಎತ್ತರದ ಕಂಬ ತಂತಿ ಮಾತ್ರ ಉಳಿದಿರುತ್ತವೆ. ಬೆಳಗ್ಗೆ ಚೆನ್ನಾಗಿ ಚಳಿ ಇರುತ್ತೆ, ಅಪ್ಪ ಅಮ್ಮನಿಗೆ ಸ್ವೆಟರ್, ಟೋಪಿ ಬೇಕೇ ಬೇಕು. ಓಡಾಟಕ್ಕೆ ಸ್ಟೇಷನ್ ಹತ್ತಿರ ಸೈಕಲ್ ಬಾಡಿಗೆಗೆ ಸಿಗುತ್ತೆ, ಅವರಿಗೆ ಟ್ಯಾಕ್ಸಿ ಮಾಡಿ. ಬೆಟ್ಟದ ಅಂಚಿಗೆ ಬೆಳಗಿನ ಜಾವ ಅಥವಾ ಮುಸ್ಸಂಜೆ ಹೋಗಬೇಡಿ, ಕರಡಿ ಇವೆ. 2025ರ ಶರತ್ಕಾಲದಲ್ಲಿ ಇವಾತೆ, ಅಕಿತಾ ಎರಡೂ ಕಡೆ ಜನರ ಮೇಲೆ ದಾಳಿಗಳಾಗಿ ಜೀವಗಳೇ ಹೋಗಿವೆ. ಮನೆಯವರು ಇಲ್ಲಿ ಬೇಡ ಅಂದ ಕಡೆ ಹೋಗಲೇಬೇಡಿ.

ಗದ್ದೆ ಬದುವಿನ ಮೇಲೆ ಫೋಟೋಗೆ ಇಳಿಯಬಾರದು ಅಂತ ನಿಮ್ಮ ಅಮ್ಮನಿಗೆ ಹೇಳಬೇಕಿಲ್ಲ, ನಮ್ಮಂಥವರಿಗೆ ಹೇಳಬೇಕು. ಶೂ ಮಣ್ಣಿನ ಜೊತೆ ಬೆಳೆಯ ರೋಗವೂ ಬರುತ್ತೆ. ಹೊಕ್ಕೈಡೊದ ಬಿಯೆಯಲ್ಲಿ ಫೋಟೋ ತೆಗೆಯುವವರು ಹೊಲ ತುಳಿದೂ ತುಳಿದೂ ಬೇಸತ್ತು, ತನ್ನ ಹೊಲದಲ್ಲಿದ್ದ ಪ್ರಸಿದ್ಧ ಮರವನ್ನೇ ರೈತ 2016ರಲ್ಲಿ ಕಡಿಸಿಹಾಕಿದ.

ಇನ್ನೊಂದು ಜಾಗ ಹೇಳಬೇಕು. ಯಾಮಗುಚಿ ಎಂಬ ಹಳ್ಳಿಯಲ್ಲಿ ಒಂದು ಹಳೇ ನೀರಿನ ಚಕ್ರವಿದೆ, ಅದರ ಹತ್ತಿರ ದೆಂದೆರಾನೊ ಎಂಬ ದಿಬ್ಬ. ಹಿಂದೆ ಅರವತ್ತು ದಾಟಿದವರನ್ನು ಅಲ್ಲಿಗೆ ಅಟ್ಟುತ್ತಿದ್ದರು ಅಂತ ಆ 119 ಕಥೆಗಳಲ್ಲೇ ಬರುತ್ತೆ. ಸುಮ್ಮನೆ ಕೂತರೆ ಸಾವು ಬರುತ್ತದೆಯೇ? ಹಗಲು ಊರಿಗಿಳಿದು ಹೊಲದಲ್ಲಿ ದುಡಿದು ಹೊಟ್ಟೆ ಹೊರೆದು, ಸಂಜೆ ಮತ್ತೆ ದಿಬ್ಬ ಹತ್ತುತ್ತಿದ್ದರಂತೆ. ಬೆಳಗ್ಗೆ ಹೊಲಕ್ಕೆ ಹೋಗೋದಕ್ಕೆ ಅಲ್ಲಿನವರು "ಹಾಕಾದಾಚಿ" ಅಂದರೆ ಗೋರಿಯಿಂದ ಏಳೋದು, ಮರಳೋದಕ್ಕೆ "ಹಾಕಾಆಗಾರಿ" ಅನ್ನುತ್ತಿದ್ದರು ಅಂತಲೂ ಅದೇ ಕಥೆ ಹೇಳುತ್ತೆ. ಈಗ ಆ ದಿಬ್ಬದ ಮೇಲೆ ನಿಂತು ಕೆಳಗೆ ನೋಡಿದರೆ ಗದ್ದೆಯಲ್ಲಿ ಕಾಣುವವರೆಲ್ಲ ಅರವತ್ತು ದಾಟಿದವರೇ. ಇಡೀ ಜಪಾನಿನಲ್ಲಿ ಬೇಸಾಯವನ್ನೇ ಕಸುಬಾಗಿ ಮಾಡುವವರ ಸರಾಸರಿ ವಯಸ್ಸು 68ರ ಆಸುಪಾಸು. ತೋನೊ ಇಷ್ಟು ನಿಶ್ಶಬ್ದವಾಗಿರೋದು ಅದಕ್ಕೇ, ಕೆಲಸ ಮಾಡುವವರು ಕಡಿಮೆ, ಮಾಡುವವರಿಗೆ ಮಾತಾಡಲು ಪುರುಸೊತ್ತಿಲ್ಲ. ಹಗಲು ಹೊತ್ತಲ್ಲಿ ಬರೀ ಜಾಗ ನೋಡಿಕೊಂಡು ಹೊರಟರೆ ಒಬ್ಬರೂ ಸಿಗಲ್ಲ. ಎರಡು ರಾತ್ರಿ ಇರಿ, ಅವರು ಏಳೋ ಹೊತ್ತಿಗೆ ಏಳಿ.

ನಾವು ಹೊರಡೋ ದಿನ ಐದೂವರೆಗೆ ಎದ್ದು ನೋಡಿದರೆ ಅಮ್ಮ ಹಾಸಿಗೆಯಲ್ಲಿ ಇರಲಿಲ್ಲ. ಅಂಗಳದಲ್ಲಿ ಅಜ್ಜಿಯ ರಬ್ಬರ್ ಬೂಟು ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಇಬ್ಬರೂ ಸೇರಿ ಮೂಲಂಗಿ ತೊಳೆಯುತ್ತಿದ್ದರು. ರೈಲಿಗೆ ಇನ್ನೂ ಮೂರು ಗಂಟೆ ಇತ್ತು, ನಾನೂ ಹೋಗಿ ಬಕೆಟ್ಟಿಗೆ ನೀರು ತುಂಬಿಕೊಟ್ಟೆ.